ಡಿಸ್ನಿ ವರ್ಲ್ಡ್‌ಗೆ ಮಕ್ಕಳು, ಅಜ್ಜ-ಅಜ್ಜಿ ಸಮೇತ ಹೊರಟವರಿಗೆ

ಅಮೆರಿಕದಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ ಡಿಸ್ನಿ ವರ್ಲ್ಡ್ ಇರುವ ಒರ್ಲ್ಯಾಂಡೊ ಪ್ರವಾಸದ ಮಾತು ಬರುವುದು ಹೆಚ್ಚಾಗಿ ಊರಿಂದ ಅಪ್ಪ-ಅಮ್ಮ ಬಂದಾಗ. ಮಕ್ಕಳಿಗೆ ಬೇಸಿಗೆ ರಜೆ, ಹಿರಿಯರೂ ಮನೆಯಲ್ಲಿದ್ದಾರೆ, ಎಲ್ಲ ಕೂಡಿ ಬರುವುದು ಜೂನ್-ಜುಲೈ ಹೊತ್ತಿಗೆ. ಫ್ಲಾರಿಡಾದಲ್ಲಿ ಅದು ಬೆವರಿಳಿಸುವ ಸೆಕೆಯ ಕಾಲ. ಮಧ್ಯಾಹ್ನವಾದರೆ ಗುಡುಗು, ಮಿಂಚು, ಮಳೆ.

ವಾಲ್ಟ್ ಡಿಸ್ನಿ ವರ್ಲ್ಡ್ ಎಂಬುದು ಒಂದು ಪಾರ್ಕ್ ಅಲ್ಲ. ಸುಮಾರು 100 ಚದರ ಕಿಲೋಮೀಟರ್ ಜಾಗದಲ್ಲಿ ನಾಲ್ಕು ದೊಡ್ಡ ಪಾರ್ಕ್‌ಗಳಿವೆ: 1971ರ ಮ್ಯಾಜಿಕ್ ಕಿಂಗ್ಡಮ್, 1982ರ ಎಪ್ಕಾಟ್, 1989ರ ಹಾಲಿವುಡ್ ಸ್ಟುಡಿಯೋಸ್, 1998ರ ಅನಿಮಲ್ ಕಿಂಗ್ಡಮ್. ಒಂದೊಂದಕ್ಕೂ ಒಂದು ಪೂರ್ತಿ ದಿನ ಬೇಕು. ಇಲ್ಲಿ ಒಂದು ದಿನಕ್ಕೆ 10 ಕಿಲೋಮೀಟರ್ ನಡೆಯುವುದು ಸಾಮಾನ್ಯ.

ಇಷ್ಟು ದುಡ್ಡು ಕೊಟ್ಟಿದ್ದೇವೆ, ಬೆಳಿಗ್ಗೆ ಎಂಟರಿಂದ ರಾತ್ರಿ ಹತ್ತರವರೆಗೂ ಒಳಗೇ ಇರೋಣ ಎಂದು ಹೊರಟ ಕುಟುಂಬಗಳ ಪ್ರವಾಸ ಕೆಡುವುದು ಅಲ್ಲೇ. ಮೂರು ಗಂಟೆಗೆ ಮಗು ನೆಲಕ್ಕೆ ಬಿದ್ದು ಅಳುತ್ತದೆ, ಅಜ್ಜನ ಮಂಡಿ ಹಿಡಿದುಕೊಳ್ಳುತ್ತದೆ, ಗಂಡ-ಹೆಂಡತಿ ಮಾತು ಬಿಡುತ್ತಾರೆ. ಮಧ್ಯಾಹ್ನ ಒಂದರಿಂದ ನಾಲ್ಕೂವರೆವರೆಗೆ ಎಲ್ಲರೂ ರೂಮಿಗೆ ಹೋಗಿ ಮಲಗುವಂತಿರಬೇಕು. ಹೋಟೆಲು, ಟಿಕೆಟ್, ಊಟ ಎಲ್ಲವನ್ನೂ ಈ ಮೂರೂವರೆ ಗಂಟೆಯ ಸುತ್ತಲೇ ಜೋಡಿಸಿಕೊಳ್ಳಿ.

ಯಾವಾಗ ಹೋಗುವುದು

ಶಾಲೆಯ ಕಟ್ಟುಪಾಡಿಲ್ಲದ ಪುಟ್ಟ ಮಕ್ಕಳಿದ್ದರೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮುಗಿಯುವವರೆಗೆ ಜನ ಕಡಿಮೆ. ಫ್ಲಾರಿಡಾದ ಶಾಲೆಗಳು ಆಗಸ್ಟ್ ಎರಡನೇ ವಾರದ ಹೊತ್ತಿಗೆ ಶುರುವಾಗಿಬಿಡುತ್ತವೆ. ಆದರೆ ಸೆಕೆ ಇಳಿದಿರುವುದಿಲ್ಲ, ಚಂಡಮಾರುತದ ಭಯವೂ ಇದೆ (ಜೂನ್ 1ರಿಂದ ನವೆಂಬರ್ 30ರವರೆಗೆ ಅದರ ಋತು), ಹಾಗಾಗಿ ರದ್ದು ಮಾಡಬಹುದಾದ ಬುಕಿಂಗ್ ಮಾಡಿ. ಜನವರಿಯ ಮಧ್ಯಭಾಗ ಹಿರಿಯರಿಗೆ ಒಳ್ಳೆಯದು. ಬೆಳಗಿನ ಹೊತ್ತು 10 ಡಿಗ್ರಿಗಿಂತ ಕೆಳಗಿಳಿಯುವುದುಂಟು, ಸ್ವೆಟರ್ ಮರೆಯಬೇಡಿ. ಕ್ರಿಸ್ಮಸ್‌ನಿಂದ ಹೊಸ ವರ್ಷದವರೆಗಿನ ವಾರ, ಫೆಬ್ರವರಿಯ ಪ್ರೆಸಿಡೆಂಟ್ಸ್ ಡೇ ವಾರ, ಮಾರ್ಚ್‌ನಿಂದ ಈಸ್ಟರ್‌ವರೆಗೆ: ಈ ದಿನಗಳಲ್ಲಿ ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಹೋಗಿ.

ಹೆಚ್ಚಿನವರು ಗಮನಿಸದ ಒಂದು ಸಂಗತಿ: ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹ್ಯಾಲೋವೀನ್, ನವೆಂಬರ್-ಡಿಸೆಂಬರ್‌ನಲ್ಲಿ ಕ್ರಿಸ್ಮಸ್ ಹೆಸರಿನಲ್ಲಿ ಮ್ಯಾಜಿಕ್ ಕಿಂಗ್ಡಮ್‌ನಲ್ಲಿ ಕೆಲವು ರಾತ್ರಿ ಬೇರೆ ಟಿಕೆಟ್ಟಿನ ಪಾರ್ಟಿ ಇರುತ್ತದೆ. ಆ ದಿನ ಸಾಮಾನ್ಯ ಟಿಕೆಟ್ ಇದ್ದವರನ್ನು ಸಂಜೆ ಆರಕ್ಕೆ ಹೊರಗೆ ಕಳಿಸುತ್ತಾರೆ. ಅವರಿಗೆ ರಾತ್ರಿಯ ಪಟಾಕಿ ಪ್ರದರ್ಶನ ಸಿಗದು. ಅದೇ ಕಾರಣಕ್ಕೆ ಹಗಲು ಜನವೂ ಕಡಿಮೆ. ಎರಡು ದಿನ ಅಲ್ಲಿಗೆ ಹೋಗುವವರು ಒಂದನ್ನು ಇಂಥ ದಿನಕ್ಕೇ ಇಟ್ಟುಕೊಂಡರೆ ಲಾಭ. ಒಂದೇ ದಿನದವರು ಕ್ಯಾಲೆಂಡರ್ ನೋಡಿ ತಪ್ಪಿಸಿ.

ಮನೆಯಲ್ಲೇ ಎತ್ತರ ಅಳೆಯಿರಿ

ರೈಡ್‌ಗಳಿಗೆ ವಯಸ್ಸು ಲೆಕ್ಕಕ್ಕಿಲ್ಲ, ಎತ್ತರ ಮಾತ್ರ. ಮಗುವಿಗೆ ಪಾರ್ಕ್‌ನಲ್ಲಿ ಹಾಕುವ ಶೂ ತೊಡಿಸಿ, ಗೋಡೆಗೆ ನಿಲ್ಲಿಸಿ ಅಳತೆ ಬರೆದಿಟ್ಟುಕೊಳ್ಳಿ. 97 ಸೆಂಟಿಮೀಟರ್ (38 ಇಂಚು) ದಾಟಿದ್ದರೆ ಮ್ಯಾಜಿಕ್ ಕಿಂಗ್ಡಮ್‌ನ ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೇನ್, ಹಾಲಿವುಡ್ ಸ್ಟುಡಿಯೋಸ್‌ನ ಸ್ಲಿಂಕಿ ಡಾಗ್ ಡ್ಯಾಶ್ ಸಿಗುತ್ತವೆ. 102ಕ್ಕೆ ಟಿಯಾನಾಸ್ ಬಾಯೂ ಅಡ್ವೆಂಚರ್, ಎಪ್ಕಾಟ್‌ನ ಸೋರಿನ್, ಸ್ಟಾರ್ ವಾರ್ಸ್‌ನ ರೈಸ್ ಆಫ್ ದಿ ರೆಸಿಸ್ಟೆನ್ಸ್. 107ಕ್ಕೆ ಎಪ್ಕಾಟ್‌ನ ಗಾರ್ಡಿಯನ್ಸ್. 112ಕ್ಕೆ ಸ್ಪೇಸ್ ಮೌಂಟನ್, ಎಕ್ಸ್‌ಪೆಡಿಷನ್ ಎವರೆಸ್ಟ್, ಅವತಾರ್‌ನ ಫ್ಲೈಟ್ ಆಫ್ ಪ್ಯಾಸೇಜ್. ಟ್ರಾನ್‌ಗೆ 122 ಬೇಕು.

ಬಾಗಿಲಲ್ಲಿ ಅಳತೆಕೋಲು ಹಿಡಿದು ನಿಂತವರ ಹತ್ತಿರ ಗೋಗರೆದು ಪ್ರಯೋಜನವಿಲ್ಲ, ಅರ್ಧ ಇಂಚು ಕಡಿಮೆ ಇದ್ದರೂ ಇಲ್ಲ ಅಂದರೆ ಇಲ್ಲ. ಜುಟ್ಟು ಲೆಕ್ಕಕ್ಕೆ ಬರುವುದಿಲ್ಲ. ಗೆರೆಯ ಅಂಚಿನಲ್ಲಿರುವ ಮಗುವನ್ನು ಬೆಳಿಗ್ಗೆಯೇ ಕರೆದೊಯ್ಯಿರಿ. ದಿನವಿಡೀ ಓಡಾಡಿದ ಮೇಲೆ ಬೆನ್ನುಮೂಳೆ ತುಸು ಕುಗ್ಗಿ ಸಂಜೆಗೆ ಎತ್ತರ ಕೊಂಚ ಇಳಿದಿರುತ್ತದೆ. ಯಾವುದಕ್ಕೆ ಆಗುತ್ತದೆ, ಯಾವುದಕ್ಕೆ ಇಲ್ಲ ಎಂದು ಮಗುವಿಗೆ ಮನೆಯಲ್ಲೇ ಹೇಳಿಬಿಡಿ. ಸಾಲಿನಲ್ಲಿ ನಿಂತ ಮೇಲೆ ತಿಳಿದರೆ ಆ ಅಳು ನಿಲ್ಲಿಸುವುದು ಕಷ್ಟ.

ಚಿಕ್ಕವರಿಗೇನೂ ಕೊರತೆಯಿಲ್ಲ. ಪೀಟರ್ ಪ್ಯಾನ್ಸ್ ಫ್ಲೈಟ್, ಡಂಬೊ, ಇಟ್ಸ್ ಎ ಸ್ಮಾಲ್ ವರ್ಲ್ಡ್, ಜಂಗಲ್ ಕ್ರೂಸ್, ಎಪ್ಕಾಟ್‌ನ ಫ್ರೋಜನ್, ಅನಿಮಲ್ ಕಿಂಗ್ಡಮ್‌ನ ಸಫಾರಿ, ಯಾವುದಕ್ಕೂ ಎತ್ತರದ ಮಿತಿಯಿಲ್ಲ. ಮಿತಿ ಇಲ್ಲ ಎಂದರೆ ಹೆದರಿಕೆಯೂ ಇಲ್ಲ ಎಂದುಕೊಳ್ಳಬೇಡಿ. ಹಾಂಟೆಡ್ ಮ್ಯಾನ್ಷನ್ ದೆವ್ವದ ಮನೆ, ಪೈರೆಟ್ಸ್ ಆಫ್ ದಿ ಕೆರಿಬಿಯನ್‌ನಲ್ಲಿ ಕತ್ತಲು ಮತ್ತು ದೋಣಿ ಒಮ್ಮೆ ಜಾರುವುದು. ಮೂರು ವರ್ಷದವರನ್ನು ಮೊದಲು ಡಂಬೊ ಹತ್ತಿಸಿ ನೋಡಿ.

ಟಿಕೆಟ್

ಮೂರು ವರ್ಷ ತುಂಬದ ಮಕ್ಕಳಿಗೆ ಟಿಕೆಟ್ ಬೇಡ. 3ರಿಂದ 9 ಮಕ್ಕಳ ದರ, ಅದು ದೊಡ್ಡವರ ದರಕ್ಕಿಂತ ಸ್ವಲ್ಪವೇ ಕಡಿಮೆ. ಹತ್ತು ತುಂಬಿದರೆ ದೊಡ್ಡವರ ಟಿಕೆಟ್. ಮೂರನೇ ಹುಟ್ಟುಹಬ್ಬ ಹತ್ತಿರ ಇದ್ದರೆ ಅದಕ್ಕೂ ಮೊದಲೇ ಹೋಗಿಬನ್ನಿ, ನೂರಾರು ಡಾಲರ್ ಉಳಿಯುತ್ತದೆ.

ದರ ದಿನಾಂಕದ ಮೇಲೆ ಏರಿಳಿಯುತ್ತದೆ. ಒಂದು ದಿನದ ಟಿಕೆಟ್ ನೂರು ಡಾಲರ್ ಮೀರುತ್ತದೆ, ರಜೆಯ ದಿನಗಳಲ್ಲಿ ಮ್ಯಾಜಿಕ್ ಕಿಂಗ್ಡಮ್‌ನದು ಇನ್ನೂರರ ಆಸುಪಾಸಿಗೆ ಹೋಗುತ್ತದೆ. ಹೆಚ್ಚು ದಿನದ ಟಿಕೆಟ್ ಕೊಂಡಷ್ಟೂ ದಿನದ ಲೆಕ್ಕ ಇಳಿಯುತ್ತದೆ. ಒಂದೇ ದಿನ ಎರಡು-ಮೂರು ಪಾರ್ಕ್ ಸುತ್ತಿಸುವ ಪಾರ್ಕ್ ಹಾಪರ್ ಎಂಬ ಸೇರ್ಪಡೆಯನ್ನು ಮಕ್ಕಳಿರುವವರು ಕೊಳ್ಳುವುದು ದಂಡ. ಒಂದು ಪಾರ್ಕ್‌ನಿಂದ ಇನ್ನೊಂದಕ್ಕೆ ಹೋಗಿ ಒಳಸೇರುವಷ್ಟರಲ್ಲಿ ಒಂದು ಗಂಟೆ ಕಳೆದಿರುತ್ತದೆ.

ಏಳೆಂಟು ವರ್ಷದೊಳಗಿನ ಮಕ್ಕಳಿದ್ದರೆ ನಾಲ್ಕು ದಿನದ ಟಿಕೆಟ್ ಸಾಕು: ಮ್ಯಾಜಿಕ್ ಕಿಂಗ್ಡಮ್‌ಗೆ ಎರಡು ದಿನ, ಅನಿಮಲ್ ಕಿಂಗ್ಡಮ್‌ಗೆ ಒಂದು, ಉಳಿದದ್ದಕ್ಕೆ ಎಪ್ಕಾಟ್ ಅಥವಾ ಹಾಲಿವುಡ್ ಸ್ಟುಡಿಯೋಸ್. ನಡುವೆ ಒಂದು ದಿನ ಯಾವ ಪಾರ್ಕೂ ಬೇಡ, ಹೋಟೆಲಿನ ಈಜುಕೊಳದಲ್ಲೇ ಕಳೆಯಲಿ. ನಾಲ್ಕು ದಿನದ ಟಿಕೆಟ್ಟಿಗೆ ಕೆಲವು ದಿನಗಳ ಅವಧಿ ಇರುತ್ತದೆ, ಸತತವಾಗಿ ಬಳಸಲೇಬೇಕೆಂದಿಲ್ಲ.

ಉಳಿಯುವುದೆಲ್ಲಿ

ಆರೇಳು ಜನರ ಕುಟುಂಬವಾದರೆ ಪಕ್ಕದ ಊರಾದ ಕಿಸಿಮಿ ಕಡೆಯ ಬಾಡಿಗೆ ಮನೆ ಕಣ್ಣು ಸೆಳೆಯುತ್ತದೆ. ಮೂರು ಬೆಡ್‌ರೂಮು, ಅಡುಗೆಮನೆ, ಕುಕ್ಕರ್ ಇಟ್ಟು ಅನ್ನ-ಸಾರು ಮಾಡಿಕೊಳ್ಳಬಹುದು. ತೊಡಕು ಮಧ್ಯಾಹ್ನದ್ದು. ಮ್ಯಾಜಿಕ್ ಕಿಂಗ್ಡಮ್‌ನ ಪಾರ್ಕಿಂಗ್ ಪಾರ್ಕ್‌ನ ಪಕ್ಕದಲ್ಲಿಲ್ಲ. ಕಾರು ನಿಲ್ಲಿಸಿ, ಅಲ್ಲಿಂದ ಮೋನೋರೈಲ್ ಅಥವಾ ಕೆರೆಯ ಮೇಲಿನ ಫೆರ‍್ರಿ ಹಿಡಿದು ಗೇಟು ತಲುಪಲು ಮುಕ್ಕಾಲು ಗಂಟೆ ಇಟ್ಟುಕೊಳ್ಳಬೇಕು. ಅದರ ಮೇಲೆ ರಸ್ತೆಯ ಪ್ರಯಾಣ. ಮಧ್ಯಾಹ್ನ ಮನೆಗೆ ಹೋಗಿ ಬರಲು ಎರಡು-ಮೂರು ಗಂಟೆ ದಾರಿಯಲ್ಲೇ ಹೋದರೆ ಮಲಗುವುದೆಲ್ಲಿ? ಹಾಗಾಗಿ ಬಾಡಿಗೆ ಮನೆಯವರು ಮ್ಯಾಜಿಕ್ ಕಿಂಗ್ಡಮ್ ದಿನ ಸಂಜೆ ಮತ್ತೆ ಪಾರ್ಕ್‌ಗೆ ಹೋಗುವ ಆಸೆ ಬಿಟ್ಟು, ಬೆಳಿಗ್ಗೆ ಹೋಗಿ ಎರಡು ಗಂಟೆಗೆ ಪೂರ್ತಿ ಮುಗಿಸಿ ಬಂದುಬಿಡುವುದೇ ವಾಸಿ. ಉಳಿದ ಮೂರು ಪಾರ್ಕ್‌ಗಳ ಪಾರ್ಕಿಂಗ್ ಗೇಟಿನ ಎದುರೇ ಇದೆ, ಅಲ್ಲಿ ಹೋಗಿಬರುವುದು ಸುಲಭ. ಒಮ್ಮೆ ಕಟ್ಟಿದ ಪಾರ್ಕಿಂಗ್ ಶುಲ್ಕ ಆ ದಿನವಿಡೀ ನಡೆಯುತ್ತದೆ, ರಸೀದಿ ಇಟ್ಟುಕೊಳ್ಳಿ.

ಡಿಸ್ನಿಯದೇ ಹೋಟೆಲುಗಳು ದುಬಾರಿ, ಆದರೆ ಪಾರ್ಕ್‌ಗಳಿಗೆ ಬಸ್ಸು ಉಚಿತ, ಪಾರ್ಕಿಂಗ್ ಉಚಿತ, ಪ್ರತಿದಿನ ಅರ್ಧ ಗಂಟೆ ಮುಂಚೆ ಒಳಗೆ ಬಿಡುತ್ತಾರೆ. ಕಡಿಮೆ ದರದವುಗಳಲ್ಲಿ ಪಾಪ್ ಸೆಂಚುರಿ ಮತ್ತು ಆರ್ಟ್ ಆಫ್ ಅನಿಮೇಷನ್ ಎರಡಕ್ಕೂ ಸ್ಕೈಲೈನರ್ ಎಂಬ ತೂಗುಬಂಡಿ ಇದೆ. ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್‌ಗೆ ಬಸ್ಸಿಗೆ ಕಾಯದೆ ಹೋಗಬಹುದು. ಸಾಮಾನ್ಯ ರೂಮಿಗೆ ನಾಲ್ಕು ಜನ, ಜತೆಗೆ ತೊಟ್ಟಿಲಲ್ಲಿ ಮೂರು ವರ್ಷದೊಳಗಿನ ಒಂದು ಕೂಸು. ಅಜ್ಜ-ಅಜ್ಜಿಯೂ ಇದ್ದರೆ ಆರ್ಟ್ ಆಫ್ ಅನಿಮೇಷನ್‌ನ ಫ್ಯಾಮಿಲಿ ಸ್ವೀಟ್ ನೋಡಿ: ಆರು ಜನಕ್ಕೆ ಜಾಗ, ಎರಡು ಬಚ್ಚಲು, ಮೈಕ್ರೋವೇವ್, ಫ್ರಿಜ್. ಎರಡು ಬಚ್ಚಲಿನ ಬೆಲೆ ಬೆಳಿಗ್ಗೆ ಆರೂವರೆಗೆ ಗೊತ್ತಾಗುತ್ತದೆ.

ಸಾಲು ತಪ್ಪಿಸುವ ಲೆಕ್ಕ

ಡಿಸ್ನಿಯ ಮೊಬೈಲ್ ಆ್ಯಪ್‌ನಲ್ಲಿ ಲೈಟ್ನಿಂಗ್ ಲೇನ್ ಎಂಬ ಪಾಸ್ ಮಾರುತ್ತಾರೆ. ಇದರಲ್ಲಿ ಎರಡು ಬಗೆ. ಮಲ್ಟಿ ಪಾಸ್ ಕೊಂಡರೆ ಆ ದಿನದ ಪಾರ್ಕ್‌ನಲ್ಲಿ ಮೂರು ರೈಡ್‌ಗಳಿಗೆ ಮೊದಲೇ ಸಮಯ ಗೊತ್ತುಮಾಡಿಕೊಳ್ಳಬಹುದು; ಒಂದನ್ನು ಬಳಸಿದ ಮೇಲೆ ಇನ್ನೊಂದು ತೆಗೆದುಕೊಳ್ಳಬಹುದು. ಟ್ರಾನ್, ಗಾರ್ಡಿಯನ್ಸ್, ರೈಸ್ ಆಫ್ ದಿ ರೆಸಿಸ್ಟೆನ್ಸ್, ಫ್ಲೈಟ್ ಆಫ್ ಪ್ಯಾಸೇಜ್‌ನಂಥ ಹೆಚ್ಚು ಬೇಡಿಕೆಯವಕ್ಕೆ ಬಿಡಿಯಾಗಿ ಸಿಂಗಲ್ ಪಾಸ್. ಎರಡರ ದರವೂ ದಿನದಿಂದ ದಿನಕ್ಕೆ ಬದಲಾಗುತ್ತದೆ, ಮತ್ತು ತಲೆಗೆ ಇಷ್ಟು ಎಂದು ಲೆಕ್ಕ. ಟಿಕೆಟ್ ಬೇಡದ ಕೂಸಿಗೆ ಇದೂ ಬೇಡ.

ಡಿಸ್ನಿ ಹೋಟೆಲಿನವರಿಗೆ ಬುಕಿಂಗ್ ಏಳು ದಿನ ಮೊದಲು ತೆರೆಯುತ್ತದೆ, ಹೊರಗಿನವರಿಗೆ ಮೂರು ದಿನ ಮೊದಲು. ಸಮಯ ಬೆಳಿಗ್ಗೆ ಏಳು, ಅದೂ ಫ್ಲಾರಿಡಾದ ಏಳು. ಕ್ಯಾಲಿಫೋರ್ನಿಯಾದವರು ನಾಲ್ಕಕ್ಕೆ ಏಳಬೇಕು. ಬೆಂಗಳೂರಿನಿಂದ ನೇರ ಬರುವವರಿಗೆ ಬೇಸಿಗೆಯಲ್ಲಿ ಅದು ಸಂಜೆ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ.

ಎಡವಟ್ಟಾಗುವುದು ಇಲ್ಲಿ: ಅಜ್ಜಿಯ ಟಿಕೆಟ್ ಆ್ಯಪ್‌ನಲ್ಲಿ ಸೇರಿಸಿರುವುದಿಲ್ಲ. ಏಳು ಗಂಟೆಗೆ ಎಲ್ಲರ ಹೆಸರು ಆರಿಸಲು ಹೋದರೆ ಅಜ್ಜಿ ಪಟ್ಟಿಯಲ್ಲೇ ಇಲ್ಲ. ಸೇರಿಸುವಷ್ಟರಲ್ಲಿ ಬೇಕಾದ ಹೊತ್ತು ಹೋಗಿರುತ್ತದೆ. ಹಿಂದಿನ ರಾತ್ರಿಯೇ ಮನೆಯವರೆಲ್ಲರ ಟಿಕೆಟ್ ಒಂದೇ ಖಾತೆಗೆ ಜೋಡಿಸಿ, ಕಾರ್ಡ್ ವಿವರವನ್ನೂ ಹಾಕಿಡಿ. ಮಧ್ಯಾಹ್ನ ರೂಮಿಗೆ ಹೋಗುವವರು ಮೂರರಲ್ಲಿ ಎರಡನ್ನು ಹನ್ನೊಂದು-ಹನ್ನೆರಡರ ಹೊತ್ತಿಗೆ, ಒಂದನ್ನು ಐದರ ನಂತರಕ್ಕೆ ಹಿಡಿಯಿರಿ. ತೆರೆದ ಮೊದಲ ಗಂಟೆಗೆ ಹಿಡಿಯುವುದು ಬೇಡ, ಆಗ ಹೆಚ್ಚಿನ ಸಾಲುಗಳು ತಾವಾಗಿಯೇ ಚಿಕ್ಕವಿರುತ್ತವೆ.

ಮ್ಯಾಜಿಕ್ ಕಿಂಗ್ಡಮ್‌ಗೆ ಮಲ್ಟಿ ಪಾಸ್ ಕೊಂಡರೆ ದುಡ್ಡಿಗೆ ಮೋಸವಿಲ್ಲ, ರೈಡ್‌ಗಳು ಅಷ್ಟು ಹೆಚ್ಚಿವೆ. ಅನಿಮಲ್ ಕಿಂಗ್ಡಮ್‌ಗೆ ಬೇಡ. ಬೇಗ ಹೋದರೆ ಸಾಕು.

ರೈಡರ್ ಸ್ವಿಚ್ ಎಂಬ ಉಚಿತ ಸೌಲಭ್ಯ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅಣ್ಣನಿಗೆ ಎತ್ತರ ಸಾಕು, ತಂಗಿಗೆ ಸಾಲದು ಎಂದಿಟ್ಟುಕೊಳ್ಳಿ. ಎಲ್ಲರೂ ರೈಡಿನ ಬಾಗಿಲಿಗೆ ಹೋಗಿ, ಯಾರೂ ಸಾಲಿಗೆ ಸೇರುವ ಮೊದಲೇ, ರೈಡರ್ ಸ್ವಿಚ್ ಬೇಕು ಎಂದು ಹೇಳಿ. ಅಪ್ಪ-ಅಣ್ಣ ಸಾಲಿನಲ್ಲಿ ಹೋಗಿ ಬರುತ್ತಾರೆ, ಅಮ್ಮ ತಂಗಿಯ ಜತೆ ಹೊರಗಿರುತ್ತಾಳೆ. ಆಮೇಲೆ ಅಮ್ಮ ಉದ್ದ ಸಾಲಿಲ್ಲದೆ ಒಳಹೋಗಬಹುದು. ಸಾಮಾನ್ಯವಾಗಿ ಅಣ್ಣನಿಗೂ ಅವಳ ಜತೆ ಎರಡನೇ ಸುತ್ತು ಸಿಗುತ್ತದೆ. ಅಪ್ಪ ಒಳಗೆ ಹೋಗಿಯಾದ ಮೇಲೆ ಕೇಳಿದರೆ ಕೊಡುವುದಿಲ್ಲ.

ದಿನದ ಓಟ

ಪಾರ್ಕ್ ತೆರೆಯುವ ಮುಕ್ಕಾಲು ಗಂಟೆ ಮೊದಲೇ ಗೇಟಿನಲ್ಲಿರಿ, ಹೋಟೆಲಿನವರಿಗೆ ಮುಂಚಿತ ಪ್ರವೇಶವಿದ್ದರೆ ಅದಕ್ಕೂ ಅಷ್ಟೇ ಮೊದಲು. ತಿಂಡಿ ರೂಮಿನಲ್ಲೇ ಮುಗಿದಿರಲಿ. ಮೊದಲ ಎರಡು ಗಂಟೆಯಲ್ಲಿ ಆಗುವಷ್ಟು ರೈಡ್ ಮಧ್ಯಾಹ್ನದ ನಾಲ್ಕು ಗಂಟೆಯಲ್ಲಿ ಆಗುವುದಿಲ್ಲ. ಮ್ಯಾಜಿಕ್ ಕಿಂಗ್ಡಮ್‌ನಲ್ಲಿ ಪುಟ್ಟವರೊಂದಿಗೆ ನೇರ ಪೀಟರ್ ಪ್ಯಾನ್‌ಗೆ ನಡೆಯಿರಿ, ಅದರ ಸಾಲು ಬೇಗ ಬೆಳೆದು ರಾತ್ರಿಯವರೆಗೂ ಇಳಿಯದು. ದಾರಿಯ ಅಂಗಡಿ, ಕೋಟೆಯ ಮುಂದಿನ ಫೋಟೊ ಆಮೇಲಾಯಿತು. ಅನಿಮಲ್ ಕಿಂಗ್ಡಮ್‌ನಲ್ಲಿ ಸಫಾರಿಗೆ ಬೆಳಿಗ್ಗೆಯೇ ಹೋಗಿ, ಸೆಕೆ ಏರಿದ ಮೇಲೆ ಪ್ರಾಣಿಗಳು ನೆರಳಿಗೆ ಸರಿಯುತ್ತವೆ. ಎಪ್ಕಾಟ್‌ನಲ್ಲಿ ದೇಶದೇಶಗಳ ಮಳಿಗೆಗಳಿರುವ ಭಾಗ ಹೆಚ್ಚುಕಡಿಮೆ ಹನ್ನೊಂದಕ್ಕೆ ತೆರೆಯುತ್ತದೆ. ಹಿರಿಯರಿಗೆ ಇಷ್ಟವಾಗುವುದು ಅದೇ, ಸಂಜೆಗೆ ಇಟ್ಟುಕೊಳ್ಳಿ.

ಒಂದು ಗಂಟೆಗೆ ಹೊರಡಿ. ಬೇಸಿಗೆಯ ಮಿಂಚು-ಮಳೆ ಬರುವುದೂ ಹೆಚ್ಚಾಗಿ ಇದರ ನಂತರವೇ. ಮಿಂಚು ಹತ್ತಿರ ಬಂದರೆ ಹೊರಾಂಗಣದ ರೈಡ್‌ಗಳನ್ನು ನಿಲ್ಲಿಸಿಬಿಡುತ್ತಾರೆ, ಜನರೆಲ್ಲ ಒಳಾಂಗಣದವಕ್ಕೆ ನುಗ್ಗುತ್ತಾರೆ. ಆ ಹೊತ್ತಿಗೆ ನೀವು ರೂಮಿನಲ್ಲಿದ್ದರೆ ಕಳೆದುಕೊಂಡಿದ್ದೇನೂ ಇಲ್ಲ. ಮಳೆ ನಿಂತ ಮೇಲೆ ಐದು ಗಂಟೆಗೆ ಮರಳಿದರೆ ಎಷ್ಟೋ ಜನ ಮನೆ ಸೇರಿರುತ್ತಾರೆ, ಗಾಳಿಯೂ ತಂಪು. ತೆಳು ಪ್ಲಾಸ್ಟಿಕ್ ರೇನ್‌ಕೋಟುಗಳನ್ನು ಡಾಲರ್ ಅಂಗಡಿಯಲ್ಲಿ ಮೊದಲೇ ಕೊಂಡಿಡಿ, ಪಾರ್ಕ್‌ನಲ್ಲಿ ಬೆಲೆ ಹಲವು ಪಟ್ಟು. ಒಬ್ಬೊಬ್ಬರಿಗೂ ಒಂದು ಜತೆ ಒಣ ಕಾಲುಚೀಲ ಬ್ಯಾಗಿನಲ್ಲಿರಲಿ. ಕಾಲಿಗೆ ಬೊಬ್ಬೆ ಬರುವುದು ನಡೆದದ್ದಕ್ಕಿಂತ ಹೆಚ್ಚಾಗಿ ಒದ್ದೆ ಕಾಲುಚೀಲದಿಂದ. ಹೊಸ ಶೂ ಪ್ರವಾಸಕ್ಕೆಂದು ಕೊಂಡಿದ್ದರೆ ಎರಡು ವಾರ ಮೊದಲೇ ಹಾಕಿ ಓಡಾಡಿಸಿ.

ಪಟಾಕಿ ನೋಡುವ ರಾತ್ರಿ ಚಿಕ್ಕ ಮಕ್ಕಳಿಗೆ ಕಿವಿಮುಚ್ಚುಕ ತನ್ನಿ. ಮುಗಿದ ಕೂಡಲೇ ಎದ್ದರೆ ಸಾವಿರಾರು ಜನರ ನೂಕುನುಗ್ಗಲು, ಬಸ್ಸಿಗೆ ಹನುಮಂತನ ಬಾಲದಂಥ ಸಾಲು. ಒಂದು ಬದಿಗೆ ಕೂತು ಅರ್ಧ-ಮುಕ್ಕಾಲು ಗಂಟೆ ಕಳೆಯಿರಿ. ಹೊರಬಾಗಿಲ ಹತ್ತಿರದ ಅಂಗಡಿಗಳು ಆಗಲೂ ತೆರೆದಿರುತ್ತವೆ.

ಊಟ

ಹೊರಗಿನ ಊಟ ಒಳಗೆ ಬಿಡುತ್ತಾರೆ, ಇದು ನಮ್ಮವರಿಗೆ ದೊಡ್ಡ ಅನುಕೂಲ. ಗಾಜಿನ ಸೀಸೆ ಕೂಡದು (ಮಗುವಿನ ಆಹಾರದ ಪುಟ್ಟ ಸೀಸೆ ಪರವಾಗಿಲ್ಲ), ಬಿಡಿ ಐಸ್ ಕೂಡದು, ಐಸ್ ಪ್ಯಾಕ್ ಆಗಬಹುದು. ಉಪ್ಪಿನಕಾಯಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ. ಚಪಾತಿ-ಚಟ್ನಿಪುಡಿ, ಖಾರದ ಅವಲಕ್ಕಿ, ಚಕ್ಕುಲಿ, ಕೋಡುಬಳೆ ಸರಿ. ಮೊಸರನ್ನ, ಚಿತ್ರಾನ್ನ ಕಟ್ಟಿದರೆ ಎಚ್ಚರ: ಬೇಯಿಸಿದ ಅನ್ನವನ್ನು ತಂಪಿಲ್ಲದೆ ಎರಡು ಗಂಟೆಗಿಂತ ಹೆಚ್ಚು, 32 ಡಿಗ್ರಿ ದಾಟಿದ ಸೆಕೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಇಡಬಾರದು. ಊರಲ್ಲಿ ಪ್ರವಾಸಕ್ಕೆ ಬುತ್ತಿ ಕಟ್ಟಿದ ಅಭ್ಯಾಸದಿಂದ ಅಮ್ಮ ಇದನ್ನು ಒಪ್ಪಲಿಕ್ಕಿಲ್ಲ. ಪುಳಿಯೋಗರೆ ಗೊಜ್ಜು ತಂದು ಮಧ್ಯಾಹ್ನ ರೂಮಿನ ಮೈಕ್ರೋವೇವಿನಲ್ಲಿ ಬಿಸಿ ಮಾಡಿದ ಅನ್ನಕ್ಕೆ ಕಲಸಿಕೊಳ್ಳುವುದು ಸುಲಭದ ದಾರಿ. ಅನ್ನದ ಪೊಟ್ಟಣಗಳು ಯಾವ ಅಂಗಡಿಯಲ್ಲೂ ಸಿಗುತ್ತವೆ.

ನೀರು ಕೊಳ್ಳಬೇಡಿ. ತಂಪುಪಾನೀಯ ಮಾರುವ ಕೌಂಟರುಗಳಲ್ಲಿ ಕೇಳಿದರೆ ಒಂದು ಲೋಟ ಐಸ್ ನೀರು ಪುಕ್ಕಟೆ ಕೊಡುತ್ತಾರೆ, ಜನಕ್ಕೊಂದರಂತೆ ಕೇಳಿ.

ಒಳಗೇ ಉಣ್ಣುವವರು ಬರೀ ವೆಜಿಟೇರಿಯನ್ ಎಂದು ಹೇಳಿ ಸುಮ್ಮನಾಗಬೇಡಿ, ಅಮೆರಿಕದಲ್ಲಿ ಆ ಮಾತಿನೊಳಗೆ ಮೊಟ್ಟೆ ಸೇರಿದೆ. ಮೊಟ್ಟೆಯನ್ನೂ ತಿನ್ನದವರು ಅದನ್ನು ಬಿಡಿಸಿ ಹೇಳಬೇಕು, ಅಥವಾ ಮೆನುವಿನಲ್ಲಿ ಹಸಿರೆಲೆ ಗುರುತಿನ, ಸಸ್ಯಮೂಲದ ಪದಾರ್ಥ ಆರಿಸಬೇಕು. ಆಲೂಗಡ್ಡೆ ಫ್ರೈಸನ್ನು ಯಾವ ಎಣ್ಣೆಯಲ್ಲಿ ಕರಿದರು ಎಂದೂ ಕೇಳಿ. ಮಕ್ಕಳು ಹಟ ಮಾಡುವ ಮಿಕ್ಕಿ ಆಕಾರದ ರೈಸ್ ಕ್ರಿಸ್ಪಿ ಮಿಠಾಯಿಯಲ್ಲಿ ಮಾರ್ಷ್‌ಮ್ಯಾಲೊ ಇದೆ, ಅದರಲ್ಲಿ ಪ್ರಾಣಿಜನ್ಯ ಜೆಲಟಿನ್ ಇರುತ್ತದೆ. ಅನಿಮಲ್ ಕಿಂಗ್ಡಮ್‌ನ ಸಟುಲಿ ಕ್ಯಾಂಟೀನ್‌ನಲ್ಲಿ ಟೋಫು ಹಾಕಿದ ಊಟ ಸಿಗುತ್ತದೆ. ಹಿರಿಯರನ್ನು ಒಂದು ಹೊತ್ತು ಕೂಡಿಸಿ ಉಣಿಸಬೇಕೆಂದರೆ ಡಿಸ್ನಿಯ ಹೋಟೆಲಾದ ಅನಿಮಲ್ ಕಿಂಗ್ಡಮ್ ಲಾಡ್ಜ್‌ನಲ್ಲಿರುವ ಸನಾ ಎಂಬ ರೆಸ್ಟೋರೆಂಟಿಗೆ ಕರೆದೊಯ್ಯಿರಿ: ನಾನ್, ಬಗೆಬಗೆಯ ಚಟ್ನಿ, ಕಿಟಕಿಯಾಚೆ ಜಿರಾಫೆ, ಜೀಬ್ರಾ. ಸ್ಥಳ ಮೊದಲೇ ಕಾಯ್ದಿರಿಸಿ.

ಕೌಂಟರ್ ಊಟವನ್ನು ಆ್ಯಪ್‌ನಲ್ಲಿ ಮೊಬೈಲ್ ಆರ್ಡರ್ ಮಾಡಬಹುದು. ಹನ್ನೆರಡಕ್ಕೆ ಹಸಿದ ಮೇಲೆ ಆ್ಯಪ್ ತೆರೆದರೆ ಒಂದೂವರೆಯ ಹೊತ್ತು ತೋರಿಸೀತು. ಹತ್ತಕ್ಕೇ ಆರ್ಡರ್ ಹಾಕಿ ಹನ್ನೊಂದೂವರೆಗೆ ಉಣ್ಣಿ.

ಸ್ಟ್ರೋಲರ್, ಗಾಲಿಕುರ್ಚಿ, ಔಷಧಿ

ಊರಲ್ಲಿ ಸ್ಟ್ರೋಲರ್ ಬಿಟ್ಟು ವರ್ಷವಾದ ಐದು-ಆರರ ಮಗುವಿಗೂ ಇಲ್ಲಿ ಅದು ಬೇಕು. ಅಗಲ 79, ಉದ್ದ 132 ಸೆಂಟಿಮೀಟರ್ ಮೀರಬಾರದು. ಎಳೆಯುವ ವ್ಯಾಗನ್‌ಗೆ ಪ್ರವೇಶವಿಲ್ಲ. ಪಾರ್ಕ್‌ನಲ್ಲಿ ಬಾಡಿಗೆಗೆ ಸಿಗುವವು ಗಟ್ಟಿ ಪ್ಲಾಸ್ಟಿಕ್ಕಿನವು, ಪಾರ್ಕ್‌ನಿಂದ ಹೊರಗೆ ತರುವಂತಿಲ್ಲ. ಮಗು ಮಲಗಿದ ಮೇಲೆ ಬಸ್ ನಿಲ್ದಾಣದವರೆಗೆ ಹೊತ್ತೇ ನಡೆಯಬೇಕು. ಸ್ವಂತದ್ದು ತನ್ನಿ. ಡಿಸ್ನಿಯ ಬಸ್ಸಿನಲ್ಲಿ ಮಡಚಲೇಬೇಕಾದ್ದರಿಂದ ಒಂದು ಕೈಯಲ್ಲಿ ಮಡಚುವಂಥದ್ದಿರಲಿ. ರೈಡ್ ಹೊರಗೆ ನಿಲ್ಲಿಸಿದ್ದನ್ನು ಸಿಬ್ಬಂದಿ ಸಾಲು ಸರಿಮಾಡಲು ಅತ್ತಿತ್ತ ಸರಿಸುತ್ತಾರೆ, ಕಳುವಾಯಿತೆಂದು ಗಾಬರಿಯಾಗಬೇಡಿ. ಹಿಡಿಗೆ ಬಣ್ಣದ ಬಟ್ಟೆ ಕಟ್ಟಿದರೆ ದೂರದಿಂದಲೇ ಕಾಣುತ್ತದೆ. ಪಾಸ್‌ಪೋರ್ಟ್, ಪರ್ಸು ಅದರಲ್ಲಿ ಬಿಡಬೇಡಿ.

ಅಜ್ಜ ದಿನಾ ಬೆಳಿಗ್ಗೆ ವಾಕಿಂಗ್ ಮಾಡುತ್ತಾರೆ, ನಿಜ. ಅದು ಅರ್ಧ ಗಂಟೆಯದು. ಗಾಲಿಕುರ್ಚಿ ಪಾರ್ಕ್‌ನಲ್ಲಿ ಬಾಡಿಗೆಗೆ ಸಿಗುತ್ತದೆ, ಮೊದಲು ಬಂದವರಿಗೆ ಮೊದಲು. ಅದರಿಂದ ಸಾಲೇನೂ ತಪ್ಪುವುದಿಲ್ಲ, ನಡಿಗೆ ತಪ್ಪುತ್ತದೆ. ನಾಚಿಕೆಯಿಂದ ಬೇಡವೆನ್ನುವವರಿಗೆ ಸ್ಟ್ರೋಲರ್ ತಳ್ಳಲು ಕೊಡಿ, ಅದೇ ಊರುಗೋಲಾಗುತ್ತದೆ.

ಪ್ರತಿ ಪಾರ್ಕ್‌ನಲ್ಲೂ ಫಸ್ಟ್ ಏಡ್ ಕೇಂದ್ರವಿದೆ, ಇನ್ಸುಲಿನ್ ಅಲ್ಲಿ ಫ್ರಿಜ್ಜಿನಲ್ಲಿಡಬಹುದು. ಬೇಬಿ ಕೇರ್ ಸೆಂಟರ್‌ನಲ್ಲಿ ಹಾಲೂಡಿಸಲು ಪ್ರತ್ಯೇಕ ಕೋಣೆ, ಮೈಕ್ರೋವೇವ್, ಡೈಪರ್ ಬದಲಿಸುವ ಜಾಗ ಇವೆ. ಊರಿಂದ ಬಂದವರಿಗೆ ವಿಮೆ ಇಲ್ಲದೆ ಅಮೆರಿಕದ ಆಸ್ಪತ್ರೆ ಮೆಟ್ಟಿಲು ಹತ್ತುವಂತಿಲ್ಲ. ಬಿಪಿ, ಸಕ್ಕರೆಯಂಥ ಹಳೆಯ ಕಾಯಿಲೆಗೆ ಪಾಲಿಸಿಯಲ್ಲಿ ಏನು ಬರೆದಿದೆ ಎಂದು ಕೊಳ್ಳುವ ಮುನ್ನ ಓದಿ. ಆಟಿಸಂನಂಥ ತೊಂದರೆಯಿಂದ ಸಾಲಿನಲ್ಲಿ ನಿಲ್ಲಲಾಗದ ಮಕ್ಕಳಿಗೆ, ಸಾಲಿನ ಹೊರಗೇ ಕಾಯಲು ಬಿಡುವ ಡಿಎಎಸ್ (ಡಿಸೆಬಿಲಿಟಿ ಆ್ಯಕ್ಸೆಸ್ ಸರ್ವಿಸ್) ಎಂಬ ವ್ಯವಸ್ಥೆ ಇದೆ, ಪ್ರವಾಸಕ್ಕೆ ಮೊದಲೇ ವಿಡಿಯೊ ಕರೆಯಲ್ಲಿ ಮಾತಾಡಿ ನೋಂದಾಯಿಸಬೇಕು.

ಮಗು ಕೈತಪ್ಪಿದರೆ

ಬೆಳಿಗ್ಗೆ ಹೊರಡುವಾಗ ಮಗುವಿನ ಫೋಟೊ ತೆಗೆಯಿರಿ, ಅವತ್ತಿನ ಬಟ್ಟೆಯ ಬಣ್ಣ ಗಾಬರಿಯಲ್ಲಿ ನೆನಪಿಗೆ ಬರುವುದಿಲ್ಲ. ಮುಂಗೈ ಮೇಲೆ ಪೆನ್ನಿನಲ್ಲಿ ಅಮೆರಿಕದ ಫೋನ್ ನಂಬರ್ ಬರೆಯಿರಿ. ಎದೆಯ ಮೇಲೆ ಹೆಸರಿನ ಪಟ್ಟಿ ಇರುವ ಸಿಬ್ಬಂದಿಯನ್ನು ಗುರುತಿಸುವುದನ್ನು ಮಗುವಿಗೂ, ಇಂಗ್ಲಿಷ್ ಬಾರದ ಅಜ್ಜಿಗೂ ತೋರಿಸಿಕೊಡಿ; ಅಜ್ಜಿಯ ಕೈಚೀಲದಲ್ಲಿ ನಿಮ್ಮ ನಂಬರು, ಹೋಟೆಲಿನ ಹೆಸರು ಬರೆದ ಚೀಟಿ ಇರಲಿ. ಮಗು ಕಾಣದಾದರೆ ನೀವೇ ಹುಡುಕುತ್ತ ಅಲೆಯದೆ ಹತ್ತಿರದ ಸಿಬ್ಬಂದಿಗೆ ತಕ್ಷಣ ಹೇಳಿ. ಸಿಕ್ಕ ಮಕ್ಕಳನ್ನು ಬೇಬಿ ಕೇರ್ ಸೆಂಟರ್‌ಗೆ ಕರೆತರುತ್ತಾರೆ.

ಹೊರಡುವ ದಿನ

ಆ ದಿನಕ್ಕೆ ಪಾರ್ಕ್ ಟಿಕೆಟ್ ಬೇಡ. ಒರ್ಲ್ಯಾಂಡೊ ವಿಮಾನ ನಿಲ್ದಾಣ ಮಕ್ಕಳ ಕುಟುಂಬಗಳಿಂದಲೇ ತುಂಬಿರುವ ಜಾಗ, ತಪಾಸಣೆಯ ಸಾಲು ನಿಧಾನ. ಮೂರು ಗಂಟೆ ಮೊದಲು ತಲುಪಿ. ಹೋಟೆಲಿಗೂ ವಿಮಾನ ನಿಲ್ದಾಣಕ್ಕೂ ನಡುವೆ ಓಡುತ್ತಿದ್ದ ಡಿಸ್ನಿಯ ಹಳೆಯ ಉಚಿತ ಬಸ್ಸು 2022ರ ಜನವರಿಯಲ್ಲೇ ನಿಂತಿದೆ, ಟ್ಯಾಕ್ಸಿಗೋ ಖಾಸಗಿ ಬಸ್ಸಿಗೋ ಹಿಂದಿನ ದಿನವೇ ಹೇಳಿಡಿ. ಮಗುವಿನ ಕಾರ್ ಸೀಟ್ ಜತೆಯಲ್ಲಿರಲಿ, ಅಮೆರಿಕದ ದೊಡ್ಡ ವಿಮಾನ ಕಂಪನಿಗಳು ಅದಕ್ಕೆ ಲಗೇಜು ಶುಲ್ಕ ಹಾಕುವುದಿಲ್ಲ. ಮಕ್ಕಳು ಕೊಂಡ, ಒಳಗೆ ನೀರು ತುಂಬಿದ ಗಾಜಿನ ಹಿಮಗೋಳ ಟೆನ್ನಿಸ್ ಚೆಂಡಿಗಿಂತ ದೊಡ್ಡದಿದ್ದರೆ ಕೈಚೀಲದಲ್ಲಿ ಬಿಡುವುದಿಲ್ಲ, ಬಟ್ಟೆಯಲ್ಲಿ ಸುತ್ತಿ ದೊಡ್ಡ ಸೂಟ್‌ಕೇಸಿಗೆ ಹಾಕಿ.